ಶಶಿಕಲಾ ಬರೆದ ಸಾವಿರದ ಮುನ್ನೂರ ಹನ್ನೆರಡು ಕವಲು

ಶಶಿಕಲಾ ಪ್ಲಸ್ ಟೂ ಪರೀಕ್ಷೆಯಲ್ಲಿ ತೆಗೆದದ್ದು ಸಾವಿರದ ಇನ್ನೂರಕ್ಕೆ ಏಳುನೂರ ನಲವತ್ತಮೂರು. ಆ ಕಾಲದ ತಮಿಳುನಾಡಿನಲ್ಲಿ ಮಕ್ಕಳ ಹಣೆಬರಹವೆಲ್ಲ ಆ ಸಾವಿರದ ಇನ್ನೂರರ ಮೇಲೆ ನಿಂತಿರುತ್ತಿತ್ತು. ಸಾವಿರ ದಾಟಿದವರ ಮನೆಗೆ ನೆಂಟರು ಸಿಹಿ ತಿನ್ನಲು ಬರುತ್ತಿದ್ದರು. ಏಳುನೂರರವರ ಮನೆಗೆ ಸಮಾಧಾನ ಹೇಳಲು ಬರುತ್ತಿದ್ದರು, ಅವರೂ ಸಿಹಿಯನ್ನೇ ತಿಂದು ಹೋಗುತ್ತಿದ್ದರು. ನಂಗವಳ್ಳಿಯ ಕನ್ನಡ ಮನೆಮಾತಿನ ಈ ಹುಡುಗಿ ಎಲ್ಲರ ಸಮಾಧಾನ ಕೇಳಿ ಮುಗಿಸಿ, ಮೆಟ್ಟೂರಿನ ಬಸ್ ಸ್ಟ್ಯಾಂಡ್ ಎದುರಿನ ಮಾಳಿಗೆಯಲ್ಲಿದ್ದ ಕಂಪ್ಯೂಟರ್ ಸೆಂಟರಿಗೆ ಸೇರಿಕೊಂಡಳು. ಒಂದು ವರ್ಷದ ಕೋರ್ಸು. ಮುಗಿಸಿದ ಮೇಲೆ ಕೆಳಗಿಳಿದು ರಸ್ತೆ ದಾಟಿ, ದೊಡ್ಡಣ್ಣನವರ ಬಸ್ ಶೆಡ್ಡಿನಲ್ಲಿ ಟೈಪಿಸ್ಟ್ ಆದಳು.

ದೊಡ್ಡಣ್ಣನವರಿಗೆ ಆಗ ಹನ್ನೊಂದು ಬಸ್ಸು, ಈಗ ಮೂವತ್ತೆಂಟು. ಸೇಲಂ, ಧರ್ಮಪುರಿ, ಪೆನ್ನಾಗರ, ಹೊಗೆನಕಲ್ ಎಂದು ಓಡುತ್ತವೆ. ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂಬುದನ್ನು ಅವರೇ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಬೆಳಿಗ್ಗೆ ಬಂದವರು ತಮಗೆ ಬೇಡದ ಹೆಸರನ್ನು ತೋಳಿನಿಂದ ಒರೆಸಿ ಹಾಕುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಲಗೆಗಿಂತ ಕಂಡಕ್ಟರುಗಳ ಅಂಗಿಯ ತೋಳೇ ಹೆಚ್ಚು ಬೆಳ್ಳಗಿರುತ್ತಿತ್ತು. ಇದನ್ನು ನೋಡಿ ನೋಡಿ ಸಾಕಾಗಿ ಶಶಿಕಲಾ 2003ರಲ್ಲಿ ಒಂದು ಪ್ರೋಗ್ರಾಮು ಬರೆದಳು. ಸಂಜೆ ಗುಂಡಿ ಒತ್ತಿದರೆ ಮರುದಿನದ ಡ್ಯೂಟಿ ಪಟ್ಟಿ ಕಾಗದದ ಮೇಲೆ ಬರುತ್ತಿತ್ತು. ಕಾಗದವನ್ನು ಯಾರೂ ತೋಳಿನಿಂದ ಒರೆಸಲಾಗಲಿಲ್ಲ.

ಮೊದಲು ಅದು ಅರವತ್ತು ಸಾಲಿನ ಸಾಧು ಪ್ರೋಗ್ರಾಮು. ಆಮೇಲೆ ಜನ ಒಬ್ಬೊಬ್ಬರಾಗಿ ಶಶಿಕಲಾಳ ಕೋಣೆಯ ಬಾಗಿಲಿಗೆ ಬರತೊಡಗಿದರು.

"ಅಕ್ಕಾ, ಅದಿನೇಳನೇ ನಂಬರ್ ಬಸ್ಸಿನ ಕ್ಲಚ್ಚು ಕಲ್ಲು ಕಣಕ್ಕ. ನಂಗೆ ಮಂಡಿ ನೋವು."

ಶಶಿಕಲಾ ಒಂದು 'ಇಫ್' ಬರೆದಳು. ಇಫ್ ಎಂದರೆ ಷರತ್ತು. ಮಂಡಿ ನೋವಿನವನಾದರೆ ಹದಿನೇಳನೇ ಬಸ್ಸು ಬೇಡ. ಪುರಟ್ಟಾಸಿ ಎಂಬ ತಮಿಳು ತಿಂಗಳಲ್ಲಿ ಮೀನು ಮಾಂಸ ಬಿಟ್ಟು ವ್ರತ ಹಿಡಿಯುವವರು ಹೊಗೆನಕಲ್ಲಿಗೆ ಹೋದರೆ ಮೀನು ಹುರಿಯುವ ವಾಸನೆಗೇ ಅರ್ಧ ವ್ರತ ಕೆಡುತ್ತದೆ ಎಂದರು. ಅದಕ್ಕೊಂದು ಇಫ್. ಒಬ್ಬ ಡ್ರೈವರಿಗೆ ಅತ್ತೆಮನೆಯ ಊರಿನ ಮೇಲೆ ಬಸ್ಸು ಓಡಿಸಲು ನಾಚಿಕೆ, ಇನ್ನೊಬ್ಬನಿಗೆ ಅದೇ ಊರಿನ ಮೇಲೆ ಮಾತ್ರ ಓಡಿಸಲು ಆಸೆ. ಎರಡು ಇಫ್. ಡ್ರೈವರ್ ಪಳನಿ ಮತ್ತು ಅವನ ಅಕ್ಕನ ಗಂಡ, ಕಂಡಕ್ಟರ್ ವೆಂಕಟಾಚಲಂ, 2010ರಲ್ಲಿ ಮಾತು ಬಿಟ್ಟರು. ವೆಂಕಟಾಚಲಂನ ಮಗುವಿಗೆ ಕಿವಿ ಚುಚ್ಚುವ ದಿನ ಸೋದರಮಾವ ಪಳನಿಯ ಮಡಿಲಲ್ಲಿ ಮಗು ಕೂರಬೇಕಿತ್ತು. ಪಳನಿಯ ಬಸ್ಸು ಮೇಚೇರಿಯಲ್ಲಿ ಪಂಚರಾಗಿ ಅವನು ಬರುವಷ್ಟರಲ್ಲಿ, ಬೇರೆ ಯಾರದೋ ಮಡಿಲಲ್ಲಿ ಕೂತು ಮಗು ಅತ್ತು ಮುಗಿಸಿ ನಿದ್ದೆ ಹೋಗಿತ್ತು. "ಅವ್ನ ಜೊತೆ ನನ್ನ ಆಕಬ್ಯಾಡಕ್ಕಾ" ಎಂದು ಪಳನಿ ಬಂದ. ಹತ್ತು ನಿಮಿಷ ಬಿಟ್ಟು ವೆಂಕಟಾಚಲಂ ಬಂದು ಅದನ್ನೇ ಹೇಳಿದ. ಇಬ್ಬರಿಗೂ ಸೇರಿ ಒಂದು ಇಫ್.

ಹೀಗೆ ಇಪ್ಪತ್ತೊಂದು ವರ್ಷ. ಮೂವತ್ತೆಂಟು ಬಸ್ಸಿನವರ ಮಂಡಿ, ಮನಸ್ತಾಪ, ವ್ರತ, ಕೆಮ್ಮು, ನಾಚಿಕೆ ಎಲ್ಲ ಅದರೊಳಗೆ ಸೇರಿದವು. ಶಶಿಕಲಾ ಮದುವೆಯಾದಳು, ಮಗಳು ಕಾಲೇಜಿಗೆ ಹೋದಳು, ಕೂದಲಲ್ಲಿ ಬಿಳಿ ಬಂತು. ಪ್ರೋಗ್ರಾಮಿಗೆ ಒಂಬತ್ತು ಸಾವಿರ ಸಾಲಾಯಿತು.

ಕಳೆದ ವರ್ಷ ದೊಡ್ಡಣ್ಣನವರಿಗೆ ಡ್ಯೂಟಿ ಪಟ್ಟಿ ಎಲ್ಲರ ಫೋನಿಗೇ ಹೋಗಬೇಕು ಎಂಬ ಆಸೆ ಹುಟ್ಟಿತು. ಸೇಲಂನ ಒಂದು ಸಾಫ್ಟ್‌ವೇರ್ ಕಂಪನಿಯಿಂದ ಗಿರಿ ಎಂಬ ಯುವಕ ಬಂದ. ಧರ್ಮಪುರಿ ಕಡೆಯವನು. ಮನೆಮಾತು ಕನ್ನಡವಾದರೂ ಬಾಯಿ ತೆಗೆದರೆ ತಮಿಳು, ತಬ್ಬಿಬ್ಬಾದರೆ ಮಾತ್ರ ಕನ್ನಡ. ಪ್ರೋಗ್ರಾಮು ತೆರೆದು ನೋಡಿದವನಿಗೆ ಕನ್ನಡ ಬಂತು.

"ಅಕ್ಕಾ, ಇದೆಲ್ಲ ಒಂದೇ ಫಂಕ್ಷನ್ನಾ?" ಫಂಕ್ಷನ್ ಎಂದರೆ ಪ್ರೋಗ್ರಾಮಿನ ಒಂದು ಬಿಡಿ ತುಂಡು.

"ಊಂ ಕಣಪ್ಪ. ಎಲ್ಲ ಒಂದೇ ಕಡೆ ಇದ್ರೆ ಉಡುಕೋಕೆ ಸುಲಭ ಅಲ್ವಾ?"

"ಒಂಬತ್ ಸಾವ್ರ ಲೈನು ಐತಲ್ಲಕ್ಕಾ!"

"ಇಪ್ಪತ್ತೊಂದು ವರ್ಸ ಆಯ್ತಲ್ಲಪ್ಪ."

ಗಿರಿ ತನ್ನ ಲ್ಯಾಪ್‌ಟಾಪಿನಿಂದ ಒಂದು ಅಳತೆಯ ಸಾಧನ ಓಡಿಸಿದ. ಪ್ರೋಗ್ರಾಮು ಎಷ್ಟು ಜಟಿಲ, ಮುಂದೆ ಬೇರೆಯವರು ಅದನ್ನು ಎಷ್ಟು ಸುಲಭವಾಗಿ ನೋಡಿಕೊಂಡು ಹೋಗಬಹುದು ಎಂದು ಅಂಕಿಯಲ್ಲಿ ಹೇಳುವ ಸಾಧನ ಅದು. ಸ್ವಲ್ಪ ಹೊತ್ತು ಯೋಚಿಸಿ ಪರದೆಯ ಮೇಲೆ ಕೆಂಪಗೆ 1312 ಎಂದು ತೋರಿಸಿತು. ಸರಿಯಾಗಿ ಆಗಲೇ ದೊಡ್ಡಣ್ಣ ಒಳಗೆ ಬಂದರು. ಎಪ್ಪತ್ತರ ಹತ್ತಿರದ ಮನುಷ್ಯ. ಸ್ವತಃ ಎಂಟನೇ ಕ್ಲಾಸು, ಆದ್ದರಿಂದ ಮಾರ್ಕು ಎಂದರೆ ಭಕ್ತಿ.

"ಎಷ್ಟಪ್ಪ ಬಂತು?"

"ಸಾವ್ರದ ಮುನ್ನೂರ ಅನ್ನೆರಡು ಸಾರ್."

"ಸಾವ್ರದ ಮುನ್ನೂರಾ? ಬ್ಯಾರೆಯೋರಿಗೆ ಎಷ್ಟು ಬರ್ತೈತೆ?"

"ಹತ್ತು ಬರುತ್ತೆ ಸಾರ್. ನಾನು ಕಂಡದ್ರಲ್ಲಿ ದೊಡ್ಡದು ಅಂದ್ರೆ ಇನ್ನೂರು. ಆದ್ರೆ ಸಾರ್..."

ದೊಡ್ಡಣ್ಣನವರ ಫೋನು ಬಡಿದುಕೊಂಡಿತು. 'ಆದ್ರೆ'ಯನ್ನು ಗಿರಿಯ ಬಾಯಲ್ಲೇ ಬಿಟ್ಟು ಅವರು ಹೊರಗೆ ಹೋದರು. ಹೊರಗೆ ಹೋದವರು ಫೋನಿನಲ್ಲಿ ಹೇಳುತ್ತಿದ್ದುದು ಒಳಗೂ ಕೇಳುತ್ತಿತ್ತು. "ನಮ್ ಶಶಿ ಸಾವ್ರದ ಮುನ್ನೂರ ಅನ್ನೆರಡು! ಸಾವ್ರದ ಇನ್ನೂರಕ್ಕಿಂತ ಜಾಸ್ತಿ ಕಣಯ್ಯ! ಸೇಲಂ ಕಂಪನಿಯೋರೇ ಬಂದು ಅಳೆದವ್ರೆ!"

ಗಿರಿ ತಿದ್ದಲು ಎದ್ದ. ಅಷ್ಟರಲ್ಲಿ ಶೆಡ್ಡಿನಲ್ಲಿದ್ದವರಿಗೆಲ್ಲ ಕಾಫಿ ಬಂತು. ಕೈಯಲ್ಲಿ ಕಾಫಿ ಹಿಡಿದುಕೊಂಡು ತಿದ್ದುವುದು ಅವನಿಂದಾಗಲಿಲ್ಲ.

ಎರಡು ದಿನದಲ್ಲಿ ಶೆಡ್ಡಿನ ಗೇಟಿಗೂ ನಂಗವಳ್ಳಿಯ ಬಸ್ ಸ್ಟಾಪಿಗೂ ಒಂದೊಂದು ಫ್ಲೆಕ್ಸು ಬಂತು. ಶಶಿಕಲಾಳ ಮದುವೆಯ ಫೋಟೋ. ಗಂಡ ಬಾಲಾಜಿಯನ್ನು ಕತ್ತರಿಸಿ ತೆಗೆದಿದ್ದರೂ ಅವನ ಹಾರದ ಒಂದು ಎಸಳು ಆಕೆಯ ಭುಜದ ಮೇಲೆ ಉಳಿದಿತ್ತು. ಪಕ್ಕದಲ್ಲಿ ತಮಿಳಿನ ದೊಡ್ಡ ಅಕ್ಷರಗಳಲ್ಲಿ 1312 ಅಂಕ ಪಡೆದ ಸಾಧಕಿಗೆ ಅಭಿನಂದನೆ. ಅತ್ತೆ ಮುನಿಶಾಮಮ್ಮ ಸ್ಟಾಪಿಗೆ ಹೋಗಿ, ಫ್ಲೆಕ್ಸಿಗೇ ಉಪ್ಪು ಮೆಣಸಿನಕಾಯಿ ಮೂರು ಸುತ್ತು ನಿವಾಳಿಸಿ ದೃಷ್ಟಿ ತೆಗೆದು ಬಂದರು. ಪ್ಲಸ್ ಟೂ ಮುಗಿದು ಮೂವತ್ತು ವರ್ಷವಾದ ಮೇಲೆ ನೆಂಟರು ಸಿಹಿ ತಿನ್ನಲು ಬಂದರು.

ಶಶಿಕಲಾಳಿಗೆ ಮಾತ್ರ ಒಳಗೊಳಗೇ ಅಳುಕು. ಪರದೆಯ ಮೇಲೆ ಅಂಕಿ ಕೆಂಪಗಿದ್ದುದನ್ನು ಆಕೆ ಕಂಡಿದ್ದಳು. ಒಳ್ಳೆಯ ಮಾರ್ಕನ್ನು ಯಾರೂ ಕೆಂಪಿನಲ್ಲಿ ಬರೆಯುವುದಿಲ್ಲ.

"ನಿಜ ಏಳಪ್ಪ ಗಿರಿ. ಅದು ಏನು ಮಾರ್ಕು?"

ಗಿರಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಮಾರ್ಕಲ್ಲಕ್ಕಾ. ಬಸ್ಸು ಓಗ್ತಾ ಇರ್ತೈತೆ, ರೋಡು ಕವಲಾಗ್ತೈತೆ, ಈ ಕಡೆನಾ ಆ ಕಡೆನಾ ಅಂತ. ಪ್ರೋಗ್ರಾಮಲ್ಲಿ ಒಂದೊಂದು ಇಫ್ಫೂ ಅಂಗೇ ಒಂದು ಕವಲು. ಎಷ್ಟು ಕವಲು ಐತೆ ಅಂತ ಅದು ಎಣಿಸ್ತೈತೆ. ಹತ್ತರ ಒಳಗಿದ್ರೆ ಓದ್ದೋರಿಗೆ ಅರ್ಥ ಆಗ್ತೈತೆ. ಐವತ್ತು ದಾಟಿದ್ರೆ ಯಾರೂ ಕೈ ಇಕ್ಕಬಾರ್ದು ಅಂತಾರೆ."

"ನಂದು ಸಾವ್ರದ ಮುನ್ನೂರು."

"ಊಂ."

"ಬ್ಯಾರೆ ಇನ್ನೇನಾದ್ರೂ ಅಳೀತೈತಾ ಅದು?"

ಗಿರಿ ಸುಳ್ಳು ಹೇಳಬಹುದಿತ್ತು. ಇನ್ನೂ ಚಿಕ್ಕ ವಯಸ್ಸು, ಹೇಳಲು ಬರಲಿಲ್ಲ. "ಮುಂದೆ ಇದನ್ನ ಬ್ಯಾರೆಯೋರು ನೋಡ್ಕಂಡು ಓಗೋದು ಎಷ್ಟು ಸುಲಭ ಅಂತ ನೂರಕ್ಕೆ ಇಷ್ಟು ಅಂತ ಕೊಡ್ತೈತೆ."

"ನಂಗೆಷ್ಟು?"

"ಸೊನ್ನೆ ಅಕ್ಕಾ."

ಶಶಿಕಲಾ ಬಹಳ ಹೊತ್ತು ಕೀಬೋರ್ಡಿನ ಧೂಳು ಒರೆಸಿದಳು. ಆಮೇಲೆ ಎದ್ದು ನೇರ ದೊಡ್ಡಣ್ಣನವರ ಹತ್ತಿರ ಹೋಗಿ ಎಲ್ಲ ಹೇಳಿ, ಫ್ಲೆಕ್ಸು ಇಳಿಸಿ ಎಂದಳು. ಅವರು ಕೇಳಿಸಿಕೊಂಡು ಗಡ್ಡ ತುರಿಸಿಕೊಂಡರು. "ಅಂಗಾದ್ರೆ ನೀನು ಮಾಡಿರೋದು ಬ್ಯಾರೆ ಯಾರ ಕೈಲೂ ಆಗಲ್ಲ ಅಂತ ತಾನೆ ಅರ್ಥ? ಇರ್ಲಿ ಬಿಡವ್ವ." ಕಡೆಗೆ ಬಾಲಾಜಿಯೇ ಹೋಗಿ ಎರಡನ್ನೂ ಬಿಚ್ಚಿಕೊಂಡು ಬಂದ. ತನ್ನನ್ನು ಕತ್ತರಿಸಿದ್ದಕ್ಕೆ ಅವನಿಗೂ ಸ್ವಲ್ಪ ಕೋಪವಿತ್ತು. ಮುನಿಶಾಮಮ್ಮ ಅವನ್ನು ರಾಗಿ ಒಣಗಿಸಲು ಹಾಸಿಕೊಂಡರು.

ಗಿರಿ ಒಂದು ತಿಂಗಳು ಕೂತು ಎಲ್ಲವನ್ನೂ ಹೊಸದಾಗಿ ಬರೆದ. ನಲವತ್ತೆರಡು ಸಣ್ಣ ಸಣ್ಣ ಫಂಕ್ಷನ್ನು, ಯಾವುದರಲ್ಲೂ ಏಳಕ್ಕಿಂತ ಹೆಚ್ಚು ಕವಲಿಲ್ಲ. ಸೊನ್ನೆ ಇದ್ದ ಕಡೆ ಎಂಬತ್ತೊಂದು, ಅದೂ ಹಸಿರು ಬಣ್ಣದಲ್ಲಿ. ಪ್ರೋಗ್ರಾಮಿನೊಳಗೆ ಜನರ ಹೆಸರು ಬರೆದಿರುವುದು ತಪ್ಪು ಎಂದು ಅವನು ಓದಿದ್ದ. ಹಾಗಾಗಿ ಪಳನಿ, ವೆಂಕಟಾಚಲಂ ಮೊದಲಾದ ಇನ್ನೂರು ಮುನ್ನೂರು ಹೆಸರುಗಳನ್ನು ಅವುಗಳ ಇಫ್ಫಿನ ಸಮೇತ ತೆಗೆದು ಹಾಕಿದ್ದ. ತೆಗೆಯುವ ಮುಂಚೆ ಶಶಿಕಲಾಳನ್ನು ಕೇಳಿಯೂ ಇದ್ದ.

"ನಿಮ್ಮಿಷ್ಟ ಕಣಪ್ಪ. ನೀವು ಓದಿರೋರು" ಎಂದಿದ್ದಳು ಆಕೆ.

ಸೋಮವಾರ ಹೊಸ ಪ್ರೋಗ್ರಾಮು ಶುರುವಾಗಬೇಕು. ಭಾನುವಾರ ಸಂಜೆ, ಫೋನಿಗೆ ಹೋಗುವ ಮುಂಚೆ, ಮೊದಲ ಪಟ್ಟಿ ಕಾಗದದ ಮೇಲೆ ಬಂತು. ಹೊಗೆನಕಲ್ ಬಸ್ಸಿನ ಮುಂದೆ ಡ್ರೈವರ್ ಪಳನಿ, ಕಂಡಕ್ಟರ್ ವೆಂಕಟಾಚಲಂ ಎಂದಿತ್ತು. ಶಶಿಕಲಾ ಅದನ್ನು ನೋಡಿದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಸೊನ್ನೆ ಎಂದವನಿಗೆ ಗೊತ್ತಾಗಲಿ ಎಂದುಕೊಂಡು ಪಟ್ಟಿಯನ್ನು ಬೋರ್ಡಿಗೆ ಅಂಟಿಸಿ, ಮೂಲೆಗಳಿಗೆಲ್ಲ ಟೇಪು ಒತ್ತಿ ಮನೆಗೆ ಹೋದಳು. ಆ ದಿನ ಅತ್ತೆಯ ಸಾರು ಬಹಳ ಚೆನ್ನಾಗಿದೆ ಎಂದು ಎರಡು ಸಲ ಹೇಳಿದಳು.

ಸೋಮವಾರ ಆ ಬಸ್ಸಿಗೆ ಗಿರಿಯೂ ಹತ್ತಿದ. ತನ್ನ ಪ್ರೋಗ್ರಾಮು ಹಾಕಿದ ಮೊದಲ ಡ್ಯೂಟಿಯನ್ನು ಕಣ್ಣಾರೆ ನೋಡಿ, ಹೊಗೆನಕಲ್ಲಿನಲ್ಲಿ ಮೀನು ತಿಂದು ಬರುವ ಆಸೆ ಅವನದು. ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತ. ಮೇಚೇರಿಯವರೆಗೆ ಇಳಿಯುವವರು ಯಾರೂ ಇರಲಿಲ್ಲ, ಎಲ್ಲ ಸರಿಯಿತ್ತು. ಮೇಚೇರಿ ಬಿಟ್ಟ ಮೇಲೆ ಪೆರುಂಬಾಲೈಗೆ ಹೊರಟಿದ್ದ ಚಿನ್ನತಾಯಿ ಎಂಬ ಮುದುಕಿ, ಮಗಳ ಮನೆಗೆಂದು ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟುಕೊಂಡು ಎದ್ದು ನಿಂತಳು. ಬಸ್ಸು ನಿಲ್ಲಲಿಲ್ಲ. ಪೆರುಂಬಾಲೈ ಹಿಂದಕ್ಕೆ ಓಡಿಹೋಯಿತು.

"ಏಯ್ ನಿಲ್ಸಪ್ಪಾ!" ಎಂದು ಚಿನ್ನತಾಯಿ ಕೂಗಿದಳು.

"ವಿಸಿಲ್ ಇಲ್ದೆ ನಿಲ್ಸೋಂಗಿಲ್ಲ. ರೂಲ್ಸು" ಎಂದ ಪಳನಿ, ರಸ್ತೆಯಿಂದ ಕಣ್ಣು ತೆಗೆಯದೆ.

ಗಿರಿ ಹಿಂದಕ್ಕೆ ಹೋಗಿ ಕಂಡಕ್ಟರನ್ನು ಕೇಳಿದ. ವೆಂಕಟಾಚಲಂ ಟಿಕೆಟ್ ಹರಿಯುತ್ತಲೇ ಹೇಳಿದ, "ಆ ಡ್ರೈವರ್‌ಗೆ ನಾನು ವಿಸಿಲ್ ಊದಲ್ಲ. ಬೇಕು ಅಂದ್ರೆ ಅವ್ನೇ ತಿರುಗಿ ಕೇಳ್ಲಿ."

ಗಿರಿ ಮುಂದಕ್ಕೆ ಬಂದು ಪಳನಿಗೆ ಹೇಳಿದ. "ಯಾರು ಏಳಿದ್ದು? ನಂಗೆ ಇಂದ್ಗಡೆ ಯಾರೂ ಕಾಣ್ತಿಲ್ಲ" ಎಂದ ಪಳನಿ. ಗಿರಿ ಮತ್ತೆ ಹಿಂದಕ್ಕೆ ಹೋದ. ಹೀಗೆ ಹಿಂದೆ ಮುಂದೆ ಓಡಾಡುತ್ತಿರುವಾಗಲೇ ಪೆನ್ನಾಗರವೂ ಬಂದು ಹೋಯಿತು. ಸ್ಟ್ಯಾಂಡಿನ ಟೈಮ್‌ಕೀಪರು ಬರೆಯಲು ಪೆನ್ನು ಎತ್ತಿದ್ದವನು ಎತ್ತಿದ ಹಾಗೇ ನಿಂತುಬಿಟ್ಟ. ಆಮೇಲೆ ಕಾಡಿನ ಇಳಿಜಾರು ಶುರುವಾಯಿತು. ತಿರುವು ತಿರುವಿಗೂ ಜನ ಒಬ್ಬರ ಮೇಲೊಬ್ಬರು ವಾಲುತ್ತ ಬೈಯತೊಡಗಿದರು. ಕೋಳಿಗಳೂ ಸೇರಿಕೊಂಡವು.

ಹೊಗೆನಕಲ್ಲಿನಲ್ಲಿ ಐವತ್ತನಾಲ್ಕು ಜನ ಇಳಿದರು. ಅವರಲ್ಲಿ ಜಲಪಾತ ನೋಡಲು ಬಂದವರು ಹನ್ನೊಂದು ಮಂದಿ. ಉಳಿದ ನಲವತ್ತಮೂರು ಮಂದಿ ವೆಂಕಟಾಚಲಂನನ್ನು ಸುತ್ತಿಕೊಂಡರು. ಒಬ್ಬ ದಪ್ಪ ಮೀಸೆಯವನು ಕೊರಳಪಟ್ಟಿಗೇ ಕೈ ಹಾಕಿದ. ವೆಂಕಟಾಚಲಂನ ಟಿಕೆಟ್ ಚೀಲ ಕೆಳಗೆ ಬಿತ್ತು.

ಡ್ರೈವರ್ ಬಾಗಿಲು ತೆರೆದು ಪಳನಿ ಹಾರಿದ.

"ಏಯ್! ನಮ್ ಬಾವನ್ ಮೇಲೆ ಕೈ ಇಕ್ತೀಯೇನ್ಲಾ?"

ವೆಂಕಟಾಚಲಂ ಬಾಯಿ ತೆರೆದು ಅವನನ್ನೇ ನೋಡಿದ. ಹದಿನಾಲ್ಕು ವರ್ಷದ ಮೇಲೆ ಬಾವ ಎನ್ನಿಸಿಕೊಂಡವನಿಗೆ ಕೊರಳಪಟ್ಟಿಯ ಯೋಚನೆಯೇ ಹೋಯಿತು. ಮೀಸೆಯವನು ಈಗ ಪಳನಿಯ ಕಡೆ ತಿರುಗಿ ಕೈ ಎತ್ತಿದ. ಅಷ್ಟು ಸಾಕಾಯಿತು ವೆಂಕಟಾಚಲಂಗೆ. "ನಮ್ ಬಾಮೈದ್ನ ಮುಟ್ಟಿ ನೋಡ್ಲಾ!" ಎಂದು ನುಗ್ಗಿದ. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ನಲವತ್ತಮೂರು ಜನರ ಜೊತೆ ಜಗಳಕ್ಕೆ ನಿಂತರು. ನಡುವೆ ಸಿಕ್ಕಿಕೊಂಡ ಗಿರಿ, ತಾನೇ ಪ್ರೋಗ್ರಾಮು ಬರೆದವನು, ತಪ್ಪು ತನ್ನದು ಎಂದು ಕೂಗಿ ಹೇಳಿದ. ಅದು ಯಾರಿಗೂ ಅರ್ಥವಾಗದ್ದರಿಂದ ಬದುಕಿಕೊಂಡ.

ಕಡೆಗೆ ಮೀನು ಹುರಿಯುವ ಹೆಂಗಸರು ಬಂದು ಬಿಡಿಸಿದರು. ಎಲ್ಲರನ್ನೂ ಅದೇ ಬಸ್ಸಿನಲ್ಲಿ ವಾಪಸು ಕರೆದುಕೊಂಡು ಹೋಗಿ ಅವರವರ ಊರಿನಲ್ಲಿ ಇಳಿಸುವುದೆಂದು ತೀರ್ಮಾನವಾಯಿತು. ವಾಪಸು ಬರುವಾಗ ವೆಂಕಟಾಚಲಂ ಬೇಲಿ ಕಂಡರೂ ವಿಸಿಲ್ ಊದಿದ, ಮರ ಕಂಡರೂ ಊದಿದ. ಪಳನಿ ಎಲ್ಲದಕ್ಕೂ ನಿಲ್ಲಿಸಿದ.

ಇತ್ತ ಶಶಿಕಲಾ ಬೆಳಿಗ್ಗೆಯಿಂದ ಫೋನಿನ ಪಕ್ಕದಲ್ಲೇ ಕೂತಿದ್ದಳು. ಹೊಗೆನಕಲ್ಲಿನಿಂದ ದೂರು ಬಂದೇ ಬರುತ್ತದೆ, ಬಂದಾಗ ಏನು ಹೇಳಬೇಕೆಂಬುದನ್ನೂ ಸಿದ್ಧ ಮಾಡಿಕೊಂಡಿದ್ದಳು. ಫೋನು ಬಂತು. ಪಳನಿ.

"ಅಕ್ಕಾ! ಇನ್ಮೇಲೆ ನನ್ನೂ ಬಾವನ್ನೂ ಒಂದೇ ಬಸ್ಸಿಗೆ ಆಕಕ್ಕಾ."

"ಯಾಕ್ಲಾ? ನಿಮಗೆ ಆಗಿಬರಲ್ವಲ್ಲ?"

"ಅದು ಯಾವ ಕಾಲದ ಮಾತು! ಆ ವರ್ಸವೇ ಮಾತಾಡ್ಸೋಣ ಅಂತ ಇದ್ದೆ. ನೀನು ಒಂದು ದಿನಾನಾದ್ರೂ ಜೊತೆಗೆ ಆಕಿದ್ಯಾ? ಮನೆಗೋಗಿ ಮಾತಾಡ್ಸೋಕೆ ಮಾನ ಬಿಡ್ಲಿಲ್ಲ. ಬಸ್ಸಲ್ಲಾದ್ರೆ ಎಂಗೋ ಬಾಯಿಗೆ ಬರ್ತಿತ್ತು."

ಫೋನಿನ ಆ ಕಡೆ ಚಿನ್ನತಾಯಿಯ ಕೋಳಿಗಳು ಕೂಗುತ್ತಿದ್ದವು. ಶಶಿಕಲಾಳಿಗೆ ಸಿದ್ಧ ಮಾಡಿಕೊಂಡ ಮಾತೆಲ್ಲ ಮರೆತುಹೋಯಿತು. ಆ ವರ್ಷವೇ ಮುಗಿಯಬೇಕಿದ್ದ ಮನಸ್ತಾಪವನ್ನು ಹದಿನಾಲ್ಕು ವರ್ಷ, ದಿನವೂ ಸಂಜೆ, ಒಂದು ದಿನವೂ ತಪ್ಪದೆ ತಾನೇ ಕಾಪಾಡಿಕೊಂಡು ಬಂದಿದ್ದೇನೆ ಎಂಬುದು ಆಕೆಗೆ ನಿಧಾನವಾಗಿ ಅರಿವಾಯಿತು. ಮಧ್ಯಾಹ್ನದ ಊಟ ಸೇರಲಿಲ್ಲ.

ಅಂಗಿಯ ಎರಡು ಗುಂಡಿ ಕಳೆದುಕೊಂಡು ಗಿರಿ ಬಂದ ಮೇಲೆ ಆಕೆ ಮೊದಲು ಹೇಳಿದ್ದು ನಿಜವನ್ನೇ. "ನಿನ್ನೆ ಸಂಜೇನೇ ನಾನು ನೋಡಿದ್ದೆ ಕಣಪ್ಪ. ಬೇಕು ಅಂತಲೇ ಏಳ್ಲಿಲ್ಲ. ತಪ್ಪಾಯ್ತು."

ಗಿರಿ ಗುಂಡಿಯಿಲ್ಲದ ಜಾಗವನ್ನು ಮುಟ್ಟಿ ನೋಡಿಕೊಂಡ. "ಪರವಾಯಿಲ್ಲೆ ಅಕ್ಕಾ. ಮೀನು ತಿನ್ನೋಕೆ ಬಿಡ್ಲಿಲ್ಲ ಅನ್ನೋದೊಂದೇ ಬ್ಯಾಸರ" ಎಂದ.

ಮರುದಿನದಿಂದ ಇಬ್ಬರೂ ಹಳೆಯ ಪ್ರೋಗ್ರಾಮನ್ನು ಮುಂದಿಟ್ಟುಕೊಂಡು ಒಂದೊಂದೇ ಇಫ್ ನೋಡತೊಡಗಿದರು. ಇದು ಯಾಕೆ, ಇನ್ನೂ ಬೇಕಾ ಎಂದು ಗಿರಿ ಕೇಳುವುದು, ಶಶಿಕಲಾ ನೆನಪು ಮಾಡಿಕೊಳ್ಳುವುದು. ನೂರೆಂಬತ್ತು ಇಫ್‌ಗಳು ಈಗ ಬದುಕಿಲ್ಲದವರ ಅನುಕೂಲಕ್ಕೆ ದಿನವೂ ಓಡುತ್ತಿದ್ದವು. ಮಂಡಿ ನೋವಿನವನು ರಿಟೈರಾಗಿ ಒಂಬತ್ತು ವರ್ಷವಾಗಿತ್ತು. ಹದಿನೇಳನೇ ಬಸ್ಸನ್ನು ಗುಜರಿಗೆ ಹಾಕಿ ಆರು ವರ್ಷ. ನೆನಪಿಗೆ ಬಾರದ್ದನ್ನು ಕೇಳಲು ಆಕೆ ತಾನೇ ಹೊರಟಳು. ಮೆಟ್ಟೂರಿನಿಂದ ಪೆನ್ನಾಗರದವರೆಗೆ, ಯಾರ ಯಾರ ಮನೆಯ ಜಗಲಿಯ ಮೇಲೋ ಕೂತು, ಕೊಟ್ಟ ಕಾಫಿ ಕುಡಿದು, ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಳು.

ಒಂದು ಇಫ್ ಮಾತ್ರ ಏನು ಮಾಡಿದರೂ ಬಗೆಹರಿಯಲಿಲ್ಲ. ಪ್ರತಿ ತಿಂಗಳ ಹದಿಮೂರನೇ ತಾರೀಖು ಕಂಡಕ್ಟರ್ ಕುಪ್ಪಸ್ವಾಮಿಗೆ ರಜೆ ಎಂದಿತ್ತು. ಯಾಕೆಂದು ಬರೆದಿರಲಿಲ್ಲ. ಕುಪ್ಪಸ್ವಾಮಿ ರಿಟೈರಾಗಿ ನಂಗವಳ್ಳಿಯಲ್ಲೇ ಇದ್ದ. ಶಶಿಕಲಾ ಹೋಗಿ ಕೇಳಿದಳು.

"ನಾನೂ ನಿನ್ನ ಕೇಳ್ಬೇಕು ಅಂತಲೇ ಇದ್ದೆ ಕಣವ್ವ" ಎಂದ ಅವನು. "ಅನ್ನೊಂದು ವರ್ಸ ಅದಿಮೂರ್ನೇ ತಾರೀಕು ಮನೇಲಿ ಕೂತಿವ್ನಿ. ನನ್ನ ಜಾತಕದಲ್ಲಿ ಏನೋ ದೋಸ ಐತೆ, ದೊಡ್ಡಣ್ಣೋರು ತಿಳ್ಕಂಡವ್ರೆ ಅಂದ್ಕಂಡು, ಆ ದಿನ ಬಾಗ್ಲಿಂದ ಆಚೆ ಕಾಲೇ ಇಕ್ತಿರ್ಲಿಲ್ಲ. ಈಗ್ಲೂ ಇಕ್ಕಲ್ಲ."

ಶಶಿಕಲಾಳ ಕೀಬೋರ್ಡಿನಲ್ಲಿ ಮೂರರ ಗುಂಡಿ ಆ ಇಫ್ ಬರೆದ ವರ್ಷ ಅಂಟಿಕೊಳ್ಳುತ್ತಿತ್ತು. ಅವನು ಎಂದೋ ಕೇಳಿದ್ದ ಒಂದನೇ ತಾರೀಖಿನ ಒಂದು ದಿನದ ರಜೆ, ತಿಂಗಳು ಹಾಕುವುದು ಮರೆತು, ಪ್ರತಿ ತಿಂಗಳ ಹದಿಮೂರಾಗಿರಬೇಕು. ಅದನ್ನು ಆಕೆ ಅವನಿಗೆ ಹೇಳಲಿಲ್ಲ. "ದೋಸ ಎಲ್ಲ ಕಳೀತಂತೆ ಮಾವ. ಇನ್ನು ಓಡಾಡ್ಬೋದಂತೆ" ಎಂದು ಬಂದಳು.

ಎಲ್ಲ ಮುಗಿಯಲು ಮೂರು ತಿಂಗಳು ಹಿಡಿಯಿತು. ಸಾವಿರದ ಮುನ್ನೂರರಲ್ಲಿ ನಿಜವಾಗಿ ಬೇಕಾದ ಷರತ್ತು ಉಳಿದದ್ದು ನೂರ ಮೂವತ್ತು. ಅವನ್ನು ಗಿರಿ ಪ್ರೋಗ್ರಾಮಿನಿಂದ ತೆಗೆದು ಬೇರೆ ಒಂದು ಪಟ್ಟಿಯಲ್ಲಿ ಇಟ್ಟ. ಅಲ್ಲಿ ಹೆಸರು ಸೇರಿಸಲು, ತೆಗೆಯಲು ಪ್ರೋಗ್ರಾಮು ಬಲ್ಲವರೇ ಬೇಕಿಲ್ಲ. ಪ್ರತಿ ಷರತ್ತಿನ ಮುಂದೆ ಕಾರಣ ಬರೆಯಲೇಬೇಕು ಎಂದು ಶಶಿಕಲಾ ಹಟ ಹಿಡಿದಳು. ಆಕೆಗೆ ಕನ್ನಡ ಓದಲು ಬರೆಯಲು ಬರುವುದಿಲ್ಲವಾದ್ದರಿಂದ, ಬಾಯಲ್ಲಿ ಬಂದ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. ಹೊಗೆನಕಲ್ಲಿನ ಭಾನುವಾರದ ಬಸ್ಸುಗಳ ಭಾಗ ಏನು ಮಾಡಿದರೂ ಮೂವತ್ತೆಂಟು ಕವಲಿಗಿಂತ ಕೆಳಗಿಳಿಯಲಿಲ್ಲ. ಇಡೀ ಪ್ರೋಗ್ರಾಮಿಗೆ ಅಳತೆಯ ಸಾಧನ ನೂರಕ್ಕೆ ಅರವತ್ತೊಂದು ಕೊಟ್ಟಿತು. ಗಿರಿ ಮೊದಲು ಒಬ್ಬನೇ ಬರೆದದ್ದಕ್ಕೆ ಎಂಬತ್ತೊಂದು ಬಂದಿತ್ತು. ಆದರೆ ಬಸ್ಸು ಈಗ ಸ್ಟಾಪಿನಲ್ಲಿ ನಿಲ್ಲುತ್ತಿತ್ತು. ದೊಡ್ಡಣ್ಣನವರಿಗೆ ಅರವತ್ತೊಂದು ಎಂದಾಗ, "ಫಸ್ಟ್ ಕ್ಲಾಸು" ಎಂದು ಶಾಂತವಾಗಿ ತಲೆಯಾಡಿಸಿದರು.

ಈಗ ಮನಸ್ತಾಪಕ್ಕೆ ಅವಧಿ ಇದೆ. ಮೊನ್ನೆ ಒಬ್ಬ ಹೊಸ ಡ್ರೈವರು ಮುಖ ಊದಿಸಿಕೊಂಡು ಶಶಿಕಲಾಳ ಬಾಗಿಲಿಗೆ ಬಂದು, ಇಂಥ ಕಂಡಕ್ಟರ್ ಜೊತೆ ತನ್ನನ್ನು ಹಾಕಬಾರದೆಂದ.

"ಕಾರಣ?"

"ನನ್ ಟಿಫನ್ ಡಬ್ಬಿ ಮೊಟ್ಟೆ ತಿಂದವ್ನೆ ಅಕ್ಕಾ."

ಶಶಿಕಲಾ ಬರೆದುಕೊಂಡಳು. "ಎಷ್ಟು ತಿಂಗ್ಳು ಆಕ್ಲಿ?"

"ತಿಂಗ್ಳಾ? ಜಲ್ಮ ಪೂರ್ತಿ ಅಕ್ಕಾ!"

"ಮೊಟ್ಟೆಗೆ ಮೂರು ತಿಂಗ್ಳ ಮೇಲೆ ಇಲ್ಲ ಕಣಪ್ಪ. ಮುಗಿದ ದಿನ ಪ್ರೋಗ್ರಾಮೇ ಇಬ್ರನ್ನೂ ಒಂದೇ ಬಸ್ಸಿಗೆ ಆಕ್ತೈತೆ. ಕ್ವಾಪ ಇನ್ನೂ ಮಿಕ್ಕಿದ್ರೆ ಬಂದು ರಿನ್ಯೂವಲ್ ಮಾಡ್ಸ್ಕಂಡು ಓಗು."

ಅವನು ಸ್ವಲ್ಪ ಯೋಚಿಸಿದ. "ಮೂರು ಬ್ಯಾಡ ಬಿಡಕ್ಕಾ, ಒಂದೂವರೆ ಆಕು" ಎಂದು, ಬಸ್ಸಿಗೆ ಹೊತ್ತಾಯಿತೆಂದು ಓಡಿದ.